ಬೇಸಿಗೆಗೆ ಎರಡು ಹಿಂದೆ

ವಾದಿ ಕಬೀರಿನ ಗುಡ್ಡಗಳು ಹಗಲೆಲ್ಲ ಬಿಸಿಲು ಕುಡಿದು
ರಾತ್ರಿ ಹತ್ತಾದರೂ ಕಾವು ಉಗುಳುತ್ತವೆ.
ಶಟರು ಅರ್ಧ ಎಳೆದಿದ್ದೆ.
ಆಗ ಬಂದ ಮುಹನ್ನದ್, ಅಗ್ನಿಶಾಮಕ ದಳದ ಹುಡುಗ,
ತೊಂಬತ್ತೊಂದರ ಗ್ಯಾಲಂಟನ್ನು ಹಗ್ಗ ಹಾಕಿ ಎಳೆಸಿಕೊಂಡು.
ನಾಲ್ಕು ಸಿಲಿಂಡರು, ಒಂದು ಟರ್ಬೊ,
ಯಜಮಾನನಿಗಿಂತ ಆರು ವರ್ಷ ಹಿರಿಯ ಕಾರು.
"ಉಸ್ತಾದ್, ನಾನೂರು ಕುದುರೆ ಬೇಕು."
ಕುದುರೆ ಕಟ್ಟುವುದು ಸುಲಭ ಮಾರಾಯ,
ಲಗಾಮು ಯಾವುದು, ಅದನ್ನು ಕೇಳು.

ಮೂರು ದಾರಿ ಅಂದೆ, ಸುಲೈಮಾನಿ ಬಗ್ಗಿಸುತ್ತ.
ಹಳೆಯ ಕಂಪ್ಯೂಟರಿಗೆ ಹೊಸ ಚಿಪ್ಪು ಸುಟ್ಟು ಕೂರಿಸುವುದು. ಅಗ್ಗ.
ಆದರೆ ಒಂದೊಂದು ತಿದ್ದಿಗೂ ಬಿಚ್ಚು, ಸುಡು, ಕೂರಿಸು, ಓಡಿಸು,
ಮತ್ತೆ ಬಿಚ್ಚು.
ಇಲ್ಲವೇ ಪಿಗ್ಗಿಬ್ಯಾಕು:
ಇಂಜಿನ್ನಿಗೂ ಕಂಪ್ಯೂಟರಿಗೂ ನಡುವೆ ಕೂತು
ಒಳಗೆ ಬಂದ ಗಾಳಿ ಅಷ್ಟಲ್ಲ, ಇಷ್ಟೇ
ಎಂದು ಸುಳ್ಳು ಹೇಳುವ ಸಣ್ಣ ಪೆಟ್ಟಿಗೆ.
ಮೇಲಿನವನು ನಂಬುತ್ತಾನೆ. ಪೆಟ್ರೋಲು ಅಳೆದು ಕೊಡುತ್ತಾನೆ.

ಆ ಕೆಲಸ ನನಗೆ ಗೊತ್ತು.
ಇಪ್ಪತ್ತೆರಡು ವರ್ಷ ಅರ್ಬಾಬನಿಗೂ ಹುಡುಗರಿಗೂ ನಡುವೆ
ಕೂತವನು ನಾನು.
"ಕತ್ತೆಗಳು" ಎಂಬ ಅರಬ್ಬಿ
ನನ್ನ ಬಾಯಲ್ಲಿ "ಸ್ವಲ್ಪ ಬೇಗ ಆಗಲಿ" ಎಂದು ಇಳಿದಿದೆ.
ವೈರಿಂಗಿನ ಗುಲ್‌ಜರೀನನ ಪಶ್ತೋ ಬೈಗುಳ
"ಇನ್ಶಾ ಅಲ್ಲಾ" ಆಗಿ ಮೇಲೇರಿದೆ.
ಯಾರೂ ಸಿಡಿದಿಲ್ಲ. ಅದೇನು ಕಮ್ಮಿಯೇ?

ಮೂರನೆಯದು, ಎಲ್ಲ ಕಿತ್ತು ಹೊಸತು.
ಆರುನೂರು ರಿಯಾಲು, ವೈರಿಂಗು ಬೇರೆ.
ಒಳಗೆ ಬರೀ ಖಾಲಿ ಕೋಷ್ಟಕ,
ಹದಿನಾರು ಸಾಲು, ಸಾಲಿಗೆ ಹದಿನಾರು ಮನೆ,
ಎಲ್ಲಕ್ಕೂ ನಾನೇ ಅಂಕಿ ತುಂಬಬೇಕು.
ಒಂದು ಮನೆ ತಪ್ಪಿದರೆ ಪಿಸ್ಟನ್ನಿಗೆ ತೂತು.
ಹುಡುಗ ಫೋನು ತೆಗೆದು ಸಂಬಳದ ದಿನ ಎಣಿಸಿದ.

"ಮೊದಲು ಹಳೆಯದನ್ನು ನೋಡುವಾ."
ಡ್ಯಾಶಿನ ಅಡಿಯಿಂದ ಪೆಟ್ಟಿಗೆ ಎಳೆದು ಮುಚ್ಚಳ ತೆಗೆದರೆ
ಗಪ್ಪನೆ ಒಣಮೀನಿನ ವಾಸನೆ.
ಕೆಪಾಸಿಟರು ಸೋರಿ ತಾಮ್ರದ ಗೆರೆಗಳನ್ನು
ಹಸಿರು ಹಿಡಿಸಿ ತಿಂದಿತ್ತು.
ನಡುವೆ ಚಿಪ್ಪು. ಅದರ ಗಾಜಿನ ಕಿಟಕಿಗೊಂದು ಚೀಟಿ
(ಬೆಳಕು ಬಿದ್ದರೆ ಅಳಿಯುವ ನೆನಪು ಅದರದು,
ಅದಕ್ಕೇ ಅಂಟಿಸುವುದು).
ಚೀಟಿಯ ಮೇಲೆ ಮಾಸಿದ ನೀಲಿ:
೧೬. ಬೇಸಿಗೆಗೆ ೨ ಹಿಂದೆ. ಕೇಳಿದರೂ ಕೊಡಬೇಡ.

ಕನ್ನಡ!
ಆ ೨ರ ಬಾಲ ನನಗೆ ಗೊತ್ತು. ಪೊನ್ನಬ್ಬ ಬ್ಯಾರಿಯದು,
ಉಳ್ಳಾಲದ ಶಾಲೆಯಲ್ಲಿ ಐದನೆಯವರೆಗೆ ಮಾತ್ರ ತಿದ್ದಿದ ಕೈ.
ತಾಮ್ರದ ಕೊಳವೆಯ ಒಂದು ತುದಿ ಇಂಜಿನ್ನಿಗೆ,
ಒಂದು ತುದಿ ನನ್ನ ಕಿವಿಗೆ ಇಟ್ಟು
"ಬಾಣಲೆಯಲ್ಲಿ ಕಡಲೆ ಸಿಡಿದ ಹಾಗೆ ಕೇಳಿದರೆ
ಕಾಲು ತೆಗಿ, ಅಲ್ಲಾಹನನ್ನು ಆಮೇಲೆ ಕರಿ" ಎಂದವರು.

"ಏನು ಬರೆದಿದೆ?" ಮುಹನ್ನದ್ ಬಗ್ಗಿದ.
ಒಂದಕ್ಷರ ತಗ್ಗಿಸದೆ ಹೇಳಿದೆ. ಇದ್ದದ್ದು ಇದ್ದ ಹಾಗೆ.
ಸ್ವಲ್ಪ ಹೊತ್ತು ಸುಮ್ಮನಿದ್ದ.
"ಆಗ ನಾನು ಹುಟ್ಟಿರಲೇ ಇಲ್ಲ" ಎಂದ,
ತಕರಾರಿನ ದನಿಯಲ್ಲಿ.

ಹೊಸತನ್ನೇ ಹಾಕಿದೆವು. ಮೂರು ಕಂತು.
ಸತ್ತ ಗೆರೆಗೆ ಬೆಸುಗೆ ಎಷ್ಟು ಸಲ?
ಆದರೆ ಐವತ್ತು ಡಿಗ್ರಿ ಗಾಳಿಯ ಸಾಲಿನಲ್ಲಿ
ಪ್ರತಿ ಮನೆಯಲ್ಲೂ ಎರಡು ಕಳೆದೆ.
ನಾಲ್ಕನೆಯ ರಾತ್ರಿ, ಅಮಿರಾತಿನ ಏರು, ಮೂರನೇ ಗೇರು,
ಲ್ಯಾಪ್‌ಟಾಪು ನನ್ನ ಮಡಿಲಲ್ಲಿ ತೊಡೆ ಸುಡುತ್ತ.
"ಇನ್ನೆರಡು ಕೊಡಿ ಉಸ್ತಾದ್."
"ಚಳಿಗೆ ಬಾ."
ಮುನ್ನೂರ ನಲವತ್ತು ಹತ್ತಿದವು. ಕಡಲೆ ಸಿಡಿಯಲಿಲ್ಲ.

ಹಳೆಯ ಪೆಟ್ಟಿಗೆ ಈಗ ಗ್ರೀಸು ಡಬ್ಬಿಯ ಹಿಂದಿದೆ,
ಚೀಟಿ ಕಿತ್ತಿಲ್ಲ.
ನಾರುತ್ತದೆ, ಎಸಿ ಅದನ್ನು ಎಂದು
ಗುಲ್‌ಜರೀನ್ ದಿನಾ ಬೈಯುತ್ತಾನೆ.
ಇನ್ಶಾ ಅಲ್ಲಾ ಅನ್ನುತ್ತೇನೆ.