ಮೂರು ಸಲ ಕೂಗಿದ ಮೇಲೆ

ಮೂವತ್ಮೂರು ವರ್ಷ ರಾಯಚೂರಿನ ಕೋರ್ಟಿನ ಬಾಗಿಲಲ್ಲಿ
ಮಂದಿಯ ಹೆಸರು ಕೂಗಿದವ ನಾನು.
ಒಂದು ಹೆಸರಿಗೆ ಮೂರು ಕೂಗು.
ಮೊದಲನೆಯದು ವರಾಂಡಕ್ಕೆ,
ಎರಡನೆಯದು ಬೇವಿನ ಬುಡಕ್ಕೆ,
ಮೂರನೆಯದು ಗೇಟಿನಾಚೆ ಮಿರ್ಚಿ ತಿನ್ನುತ್ತ
ಬಂದ ಕೆಲಸ ಮರೆತವರಿಗೆ.
ಬಂದರೆ ಹಾಜರು, ಬರದಿದ್ದರೆ ಗೈರು.
ನಡುವೆ ಮತ್ತೊಂದು ಖಾನೆ ಇರಲಿಲ್ಲ.

ರಿಟೈರಾದಾಗ ಶಾಲು, ಹಾರ, ಒಂದು ಗೋಡೆ ಗಡಿಯಾರ.
ಮರುದಿನ ಅದು ಹತ್ತೂವರೆ ತೋರಿಸಿದ್ದೇ
ಗಂಟಲು ತಾನೇ ಕೆರೆಯಿತು.
ಹಿತ್ತಲಲ್ಲಿ ನಿಂತು ಬೆಕ್ಕನ್ನು ಕರೆದೆ,
ಓಣಿಯ ಮೂರು ಬಾಗಿಲು ತೆರೆದವು.
"ಸಣ್ಣಗ ಕರೀರಿ, ಅದೇನು ಕೊಲೆ ಮಾಡ್ಯದೇನು?"
ಅಂದಳು ರಾಚಮ್ಮ.

ತೀನ್ ಕಂದೀಲಿಗೆ ಬಿಪಿ ಗುಳಿಗೆ ತರಲು ಹೋದವ
ಅಂಗಡಿಯ ಗೋಡೆಯ ಮೇಲೆ ಓದಿದೆ:
ನಾಟಕಕ್ಕೆ ಮಂದಿ ಬೇಕು, ವಯಸ್ಸಿನ ಗೊಡವೆ ಇಲ್ಲ.
ಎಂಟು ವರ್ಷದವನಿದ್ದಾಗ ಅಲಾಯಿಗೆ ಹುಲಿ ಸೋಗು ಹಾಕಿದ್ದೆ,
ಬಣ್ಣ ಕೆರೆದು ಕೆರೆದು ಅತ್ತಿದ್ದೆ.
ಅನುಭವ ಅಂತ ಬರೆಯಲು ಅಷ್ಟೇ ಇತ್ತು.

ಫೋಟೋ ಕೇಳಿದ್ದರು. ಸ್ಟುಡಿಯೋದ ಹುಡುಗ ಅಂದ:
"ಆಧಾರಿಗೋ, ಬ್ಯಾಂಕಿಗೋ, ಗೋಡೆಗೋ, ಅಜ್ಜಾ?"
ನಾಟಕಕ್ಕೆ, ಅಂದೆ.
ಅವನು ಲೈಟು ಆರಿಸಿ ಮತ್ತೆ ಹಚ್ಚಿದ.
"ಹಂಗಾದ್ರ ಒಂಚೂರು ಸಿಟ್ಟು ಮಾಡ್ಕೋರಿ."
ಸಿಟ್ಟು ಬರಲಿಲ್ಲ. ಅದರಲ್ಲಿ ನಾನು
ಬಸ್ಸಿನಲ್ಲಿ ಚೀಲ ಬಿಟ್ಟು ಇಳಿದವನ ಹಾಗಿದ್ದೇನೆ.

ಹತ್ತಿ ಗಿರಣಿಯ ಖಾಲಿ ಗೋದಾಮು.
ಮೂಲೆಯಲ್ಲಿ ಇನ್ನೂ ಅರಳೆಯ ಧೂಳು.
ನನ್ನ ಮಗಳಿಗಿಂತ ಸಣ್ಣವಳು ಅಂಬುಜಾ, ಪಟ್ಟಿ ಹಿಡಿದು ಕರೆದಳು:
ಹುಸೇನಪ್ಪ!
ಯಾರು ಏಳುತ್ತಾರೋ ನೋಡೋಣ ಅಂತ ಕೂತೆ.
ಹುಸೇನಪ್ಪ!
ಬಾಗಿಲ ಕಡೆ ತಿರುಗಿದೆ, ಇನ್ನೂ ಬಂದಿಲ್ಲವೇನೋ ಎಂದು.
ಹುಸೇನಪ್ಪ!
ಪಕ್ಕದ ಹುಡುಗ ಮೊಣಕೈಯಿಂದ ತಿವಿದ.
ಅಲಾಯಿ ಕುಣಿಗೆ ಉಪ್ಪು ಚೆಲ್ಲಿ, ಹರಕೆ ಹೊತ್ತು
ಅವ್ವ ಪಡೆದ ಹೆಸರು,
ಅರವತ್ತೊಂದು ವರ್ಷಕ್ಕೆ ಮೊದಲ ಸಲ
ಒಬ್ಬರ ಬಾಯಲ್ಲಿ ಮೂರು ಕೂಗು ಕಂಡಿತು.

"ಮಾತಿಲ್ಲ ನಿಮಗ. ಕುರ್ಚಿ ಮ್ಯಾಲ ಕೂಡ್ರಬೇಕು.
ಒಳಗಿಂದ ಕರೀತಾರ, ಓಗೊಡಂಗಿಲ್ಲ."
ಇಂಥ ದನಿ ಇಟ್ಟುಕೊಂಡು? ಅಂದೆ.
"ದನಿ ಇದ್ದವರೇ ಬೇಕು. ಇಲ್ಲದವರು ಸುಮ್ಮನಿದ್ರ
ಅದರಾಗೇನು ನಟನೆ?"

ಸುಮ್ಮನಿರುವುದು ಬರಲಿಲ್ಲ.
ಮೊಣಕಾಲು ಕುಣಿಯಿತು. ಬಾಯಿ ಒಣಗಿತು.
ಹನ್ನೆರಡು ದಿನ "ಮತ್ತೊಮ್ಮೆ, ಕಾಕಾ" ಕೇಳಿ ಕೇಳಿ
ಬಿಟ್ಟುಬಿಡೋಣ ಅನ್ನಿಸಿದ ರಾತ್ರಿ
ಆತ ಬಂದ.
ಬಂಡೆಪ್ಪ ವಲ್ದ ಯಂಕೋಬ, ದೇವದುರ್ಗ ತಾಲೂಕು,
ಗೇಣಗಲ ಬದುವಿನ ಕೇಸು.
ಒಂಬತ್ತು ತಾರೀಖು ಕೂಗಿದ್ದೆ.
ಹತ್ತನೆಯದಕ್ಕೆ ಮೊಮ್ಮಗ ಕಾಗದ ತಂದ:
ಎರಡನೆಯದು ಮುಗಿಸಿ ಊರಿಗೆ ಹೋದವ
ಅಂದೇ ರಾತ್ರಿ ತೀರಿಕೊಂಡಿದ್ದ.
ಸಾಹೇಬರು ಹೆಸರು ಹೊಡೆದುಹಾಕಿದರು.
ನಾನು ಮುಂದಿನ ಹೆಸರಿಗೆ ಉಸಿರು ತಗೊಂಡೆ.

ಏಳು ತಾರೀಖು, ಇಪ್ಪತ್ತೊಂದು ಕೂಗು.
ಎಲ್ಲಿ ಕೂತು ಕೇಳಿದನೋ.
ಮರುದಿನ ಆ ಕುರ್ಚಿಯಲ್ಲಿ ಆತನ ಹಾಗೆ ಕೂತೆ,
ಒದ್ದೆ ಧೋತರದ ಹಾಗೆ ಕೈ ಇಳಿಬಿಟ್ಟು,
ಕೇಳುತ್ತ.
ಹಾಜರಿಗೂ ಗೈರಿಗೂ ನಡುವೆ
ಒಂದು ಕುರ್ಚಿಯಷ್ಟು ಜಾಗ ಇತ್ತು.
ಮೊಣಕಾಲು ನಿಂತಿತು.

ಭಾನುವಾರ ಪ್ರದರ್ಶನ. ಬಾಡಿಗೆಯ ನಲವತ್ತು ಕುರ್ಚಿ,
ತುಂಬಿದ್ದು ಮೂವತ್ತೊಂದು.
ಎರಡನೇ ಸಾಲಿನಲ್ಲಿ ಚೀಲ ತೊಡೆಯ ಮೇಲಿಟ್ಟು
ಸಾಕ್ಷಿಗೆ ಬಂದವಳ ಹಾಗೆ ರಾಚಮ್ಮ.
ಪರದೆಯ ಹಿಂದಿನಿಂದ ಒಂದು ಕೂಗು.
ಫ್ಯಾನಿನ ಕಿರ್ರು. ಮತ್ತೊಂದು.
ಮೂರನೆಯದಕ್ಕೆ, ನಾನು ಮಾಡಿದ್ದಲ್ಲ,
ಕೆಳತುಟಿ ಅಲುಗಿತು.

"ತುಟಿ ಅಲುಗಿತು," ಅಂದಳು ಅಂಬುಜಾ, ಬಣ್ಣ ಒರೆಸುವಾಗ.
ತಪ್ಪಾಯ್ತು, ಅಂದೆ.
"ನಾಳೆನೂ ಅಷ್ಟೇ ಅಲುಗಲಿ. ಹೆಚ್ಚು ಬ್ಯಾಡ."

ಕವರಿನಲ್ಲಿ ಮುನ್ನೂರು ರೂಪಾಯಿ, ಆಟೋ ಖರ್ಚು ಸೇರಿ.
ಸ್ಟೇಷನ್ ರಸ್ತೆ ದಾಟುವವರೆಗೆ ರಾಚಮ್ಮ ಮಾತಾಡಲಿಲ್ಲ.
ಆಮೇಲೆ, ಹೊರಗೆ ನೋಡುತ್ತಲೇ:
"ಮೂರನೇದಕ್ಕ ನಾನೇ ಓ ಅಂದುಬಿಡ್ತಿದ್ದೆ.
ಬಾಯಿಗೆ ಸೆರಗು ಹಿಡಕೊಂಡೆ."