ಒಂದು ಕೊಂಬಿನಷ್ಟು

ಗ್ರಿಮ್ಸ್‌ಬಿಯ ಈ ಔಷಧದಂಗಡಿಯಲ್ಲಿ
ಮೂರು ವರ್ಷ, ತಿಂಗಳಿಗೊಮ್ಮೆ,
ಡೊರೀನಳ ಕೈಗೆ ಹೈಡ್ರಲಜೀನ್ ಇಟ್ಟವಳು ನಾನೇ.
ಬಿ.ಪಿ. ಹಸುವಿನಂತೆ ಸಾಧುವಾಗಿತ್ತು.

ಮೀನು ಸೀಳುವ ಕೈ ಅವಳದು.
ಚಳಿಗಾಲದಲ್ಲಿ ಬೆರಳು ಬಾತುಕೊಂಡವು,
ಚಾಕು ಜಾರಿತು.
ವಯಸ್ಸು ಅಂದಳು. ಹೌದು ಅಂದೆ.
ಆಮೇಲೆ ತೋಳು ನೋವು, ಸಂಜೆ ಜ್ವರ,
ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚು.
ಲ್ಯೂಪಸ್, ಅಂದರು ಡಾಕ್ಟರು.
ಲ್ಯಾಟಿನ್ನಿನಲ್ಲಿ ತೋಳ.
ನನ್ನ ಭಾಷೆಯಲ್ಲಿ ಒಂದು ಕೊಂಬು ಕಳಚಿದರೆ ಸಾಕು,
ತೋಳು ತೋಳವಾಗಲು.

ಆ ರಾತ್ರಿ ಬಾಗಿಲು ಹಾಕಿ
ಡಬ್ಬಿಯೊಳಗಿನ ಚೀಟಿ ಬಿಡಿಸಿದೆ:
ಎಂಟು ಮಡಿಕೆ.
ಏಳನೆಯದರ ತಳದಲ್ಲಿ
ಇರುವೆಯಂಥ ಅಕ್ಷರಗಳಲ್ಲಿ ಕೂತಿತ್ತು.
ಯಾರೂ ಬಚ್ಚಿಟ್ಟಿರಲಿಲ್ಲ.
ಪರೀಕ್ಷೆಗೆ ನಾನು ಓದಿದ್ದೆ ಕೂಡ.

ತೋಳಕ್ಕೆಂದು ಮದ್ದೇನೂ ಕೊಡಲಿಲ್ಲ.
ಇದ್ದ ಮಾತ್ರೆ ಬಿಡಿಸಿದರು,
ಬಿ.ಪಿ.ಗೆ ಬೇರೆಯದು ಬರೆದರು.
ಹತ್ತು ವಾರಕ್ಕೆ ಮುಷ್ಟಿ ಕಟ್ಟಲು ಬಂತು.

ನಿನ್ನೆ ಬಂದಳು. ಬಯ್ಯಲಿಲ್ಲ.
ಕಾಗದದಲ್ಲಿ ಮಡಿಚಿದ ಹ್ಯಾಡಕ್ ಮೀನು
ಕೌಂಟರಿನ ಮೇಲಿಟ್ಟು
'ನಾನೇ ಸೀಳಿದ್ದು' ಅಂದಳು.
ಮೀನು ತಿನ್ನುವವಳಲ್ಲ ನಾನು.
ಹೇಳಲಿಲ್ಲ.
ಎರಡೂ ಕೈ ಚಾಚಿದೆ.