ಬಾಗಿಲಿಗೆ ಕಾಲಂ ಇಲ್ಲ

ಡಾಲ್ಬಿಯಿಂದ ಪಶ್ಚಿಮಕ್ಕೆ ಇಪ್ಪತ್ತೆರಡು ಕಿಲೋಮೀಟರು,
ಕ್ಲ್ಯಾರಿ ಪೊಬ್‌ಜಾಯ್‌ನ ಜೋಳದ ಕೂಳೆಯಲ್ಲಿ
ಎದೆಮಟ್ಟದ ಗುಂಡಿ ತೆಗೆಸಿ ಇಳಿದಿದ್ದೇನೆ.
ಇಳಿಜಾರು: ಶೇಕಡ ಒಂದಕ್ಕೂ ಕಡಿಮೆ.
ತಳಬಂಡೆ: ಸಿಗಲಿಲ್ಲ.
ಟೇಪು ಹಿಡಿದು ಮೇಲೆ ನಿಂತ ಡ್ಯಾರಿಲ್
ಬೂಟಿನ ಮಣ್ಣೆಲ್ಲ ನನ್ನ ಕೊರಳೊಳಕ್ಕೆ ಉದುರಿಸುತ್ತಾನೆ.

ಹೆಂಟೆ ಮುರಿದು, ಎಂಜಲು ಬೆರೆಸಿ ನಾದುತ್ತೇನೆ.
ಶುದ್ಧ ನೀರು ಎನ್ನುತ್ತದೆ ಕೈಪಿಡಿ. ಬಾಟಲಿ ಜೀಪಿನಲ್ಲಿದೆ.
ಹೆಬ್ಬೆರಳಲ್ಲಿ ತೀಡಿದರೆ ಹೊರಡುತ್ತದೆ ಪಟ್ಟಿ,
ಶಾವಿಗೆ ಹೊಸೆದ ಹಾಗೆ, ಒಂದಂಗುಲ, ಎರಡು, ಮೂರು,
ತನ್ನ ಭಾರಕ್ಕೆ ತಾನೇ ಹರಿಯುವ ತನಕ.
ಬಣ್ಣದ ಪುಸ್ತಕದ ತೂತುಗಳ ಹಿಂದೆ ಹಿಡಿದು ಇಣುಕಿಸುತ್ತೇನೆ:
ಇದಲ್ಲ. ಇದಲ್ಲ. ಇದು.
ಅತಿ ಗಾಢ ಬೂದು ಎಂದು ಬರೆಯಬೇಕು. ಬರೆದೆ.
ಬಾಯಿ ಮಾತ್ರ ಎರೆ ಅಂದುಬಿಟ್ಟಿತು.
ಏನಂದೆ? ಎಂದ ಡ್ಯಾರಿಲ್.
ಏನಿಲ್ಲ, ಆಳ ಹೇಳು.

ತೊಂಬತ್ತಕ್ಕೆ ಬಿಳಿ ಗಂಟುಗಳು. ಆಸಿಡ್ಡಿನ ಹನಿಗೆ ಬುಸ್ಸೆಂದವು.
ಅದರಡಿ ಓರೆಯಾಗಿ ಜಾರಿದ ಮುಖಗಳು,
ಮಣ್ಣು ಮಣ್ಣನ್ನೇ ಉಜ್ಜಿ ಉಜ್ಜಿ
ಜನ ಕೂತು ಕೂತು ಸವೆದ ಕಟ್ಟೆಗಲ್ಲಿನ ಮಿರುಗು.

ಟೂವೂಂಬಾದ ಲ್ಯಾಬಿನಲ್ಲಿ ರೊಸಾಲಿ ಫೆನ್ವಿಕ್
ಗಾಜಿನ ಕೊಳವೆಯಲ್ಲಿ ಕಲಕಿ ನಿಲ್ಲಿಸಿದಳು.
ಮರಳು ನಿಮಿಷದೊಳಗೆ ತಳ ಕಂಡಿತು.
ಜೇಡಿ ಸಂಜೆಗೂ ಇಳಿಯಲಿಲ್ಲ,
ಬೆಳಿಗ್ಗೆ ಬಂದು ದೀಪ ಹಾಕಿದರೆ
ಕೊಳವೆಯಲ್ಲಿ ಇನ್ನೂ ರಾತ್ರಿಯೇ ಇತ್ತು.
ಜೇಡಿ ಅರವತ್ತೆಂಟು. ರಸಸಾರ ಎಂಟು ಪಾಯಿಂಟ್ ನಾಲ್ಕು.
ನೂರೈದು ಡಿಗ್ರಿಯ ಒಲೆಗೆ ಹನ್ನೊಂದು ಸೆಂಟಿಮೀಟರು ಹೋದ ತುಂಡು
ಒಂಬತ್ತಾಗಿ ಹೊರಬಂತು.
ಅದಕ್ಕೊಂದು ಕಾಲಂ ಇದೆ: ಹಿಗ್ಗು-ಕುಗ್ಗಿನ ಅಂಕ.

ಹಿಗ್ಗದೆ ಕುಗ್ಗದೆ ಇರಬೇಕು ಎನ್ನುತ್ತಾರೆ ತಿಳಿದವರು.
ಈ ಮಣ್ಣಿಗೆ ಯಾರೂ ಹೇಳಿಲ್ಲ.
ಮಳೆಗೆ ಹಿಗ್ಗಿ ಬೇಲಿಗಂಬಗಳನ್ನು ಕುಡುಕರಂತೆ ವಾಲಿಸುತ್ತದೆ,
ಬಿಸಿಲಿಗೆ ಕುಗ್ಗಿ ಸ್ಪಾನರು ನುಂಗುವಷ್ಟು ಬಾಯಿ ಬಿಡುತ್ತದೆ.
ಮೇಲಿನದು ಬಿರುಕಿಗೆ ಉದುರಿ, ಅಡಿಯದು ಉಬ್ಬಿ ಬಂದು,
ನೇಗಿಲಿಲ್ಲದೆ ತನ್ನನ್ನು ತಾನೇ ಉತ್ತುಕೊಳ್ಳುವ ನೆಲ.
ಅದಕ್ಕೇ ಹೊಲವೆಲ್ಲ ದಿಬ್ಬ, ಗುಣಿ. ಗಿಲ್ಗೈ,
ಇಲ್ಲಿಯ ಮೂಲ ಜನರ ಮಾತು; ಸಣ್ಣ ನೀರಗುಣಿ.
ದಿಬ್ಬಕ್ಕೊಂದು ರಸಸಾರ, ನಾಲ್ಕು ಹೆಜ್ಜೆ ಆಚೆ ಗುಣಿಗೆ ಇನ್ನೊಂದು.
ಕಂಪ್ಯೂಟರು ಎರಡನ್ನೂ ಕೂಡಿಸಿ ಅರ್ಧ ಮಾಡುತ್ತದೆ.
ಯಾರೂ ತುಳಿಯದ ಒಂದು ಮಣ್ಣು ಹುಟ್ಟುತ್ತದೆ.

ಮಳೆ: ವರ್ಷಕ್ಕೆ ಆರುನೂರ ಚಿಲ್ಲರೆ ಮಿಲಿಮೀಟರು, ಸರಾಸರಿ.
ಸರಾಸರಿ ವರ್ಷವನ್ನು ತನ್ನ ಅಪ್ಪನೂ ಕಂಡಿಲ್ಲ
ಎಂದು ಕ್ಲ್ಯಾರಿ ನಕ್ಕು, ಚಹಾಕ್ಕೆ ಒಳಗೆ ಕರೆದ.

ಅಡುಗೆಮನೆಯ ನೆಲದಲ್ಲಿ, ಬಾಗಿಲು ತಿರುಗುವ ಕಡೆ,
ಪೆನ್ಸಿಲಿನ ಗೆರೆಗಳು, ಪಕ್ಕದಲ್ಲಿ ತಾರೀಖು.
ಮಕ್ಕಳ ಆಟವೇನೋ ಅಂದುಕೊಂಡೆ.
ಮರ್ಲ್ ಬರೆದದ್ದು, ಅಂದ. ಮೂವತ್ತೊಂದು ವರ್ಷ.
ನೆಲ ಉಬ್ಬಿದರೆ ಮನೆಯ ಊರುಗಂಬ ಏಳುತ್ತದೆ,
ಬಾಗಿಲು ಕೆರೆಯುತ್ತ ಬಂದು ಎಲ್ಲೋ ನಿಲ್ಲುತ್ತದೆ,
ನಿಂತ ಕಡೆ ಅವಳೊಂದು ಗೆರೆ.
ಒಲೆಯ ಎದುರಿನ ಗೆರೆಗೆ ನಿಂತರೆ ಬಿತ್ತನೆ ಮಾಡು ಅನ್ನುತ್ತಿದ್ದಳು.
ಎರಡು ಸಲ ಅವಳ ಮಾತು ಕೇಳಲಿಲ್ಲ. ಎರಡು ಸಲವೂ ಕೆಟ್ಟೆ.

ಮಂಡಿಯೂರಿ ಟೇಪು ಹಿಡಿದೆ. ಕೋನ ಅಳೆದೆ, ತಾರೀಖು ನಕಲು ಮಾಡಿದೆ.
ತೇವದ ದಾಖಲೆಯ ಪಕ್ಕ ಇಟ್ಟು ನೋಡಿದೆವು ಆಮೇಲೆ, ರೊಸಾಲಿ ಮತ್ತು ನಾನು.
ಅವಳು ಕನ್ನಡಕ ತೆಗೆದು ಒರೆಸಿಕೊಂಡಳು, ಅಷ್ಟೆ.

ಫಾರಂನಲ್ಲಿ ಬಾಗಿಲಿಗೆ ಕಾಲಂ ಇಲ್ಲ.
ಇತರೆ ಎಂಬಲ್ಲಿ ಅರವತ್ತು ಅಕ್ಷರಕ್ಕೆ ಜಾಗ.
ಮರ್ಲ್ ಪೊಬ್‌ಜಾಯ್, ಮಾಪನ, ಎಂದು ಬರೆಯುವಷ್ಟರಲ್ಲಿ
ಅರ್ಧ ತುಂಬಿತು.

ವರದಿ ಕೊಡಲು ಹೋದಾಗ ಜನವರಿ, ಮೂರು ದಿನದ ಮಳೆ.
ಹೊರಡುವಾಗ ಬಾಗಿಲು ಎಳೆದೆ. ಬರಲಿಲ್ಲ.
ಸ್ವಲ್ಪ ಎತ್ತಿ ಎಳಿ, ಎಂದ ಕ್ಲ್ಯಾರಿ, ಎದ್ದೇಳದೆ,
ಹಿಗ್ಗಿದೆ ಇವತ್ತು.